ಬಲಕ್ಕೆ ವಾಲಿದ ಮಗ್ಗದ ಸದ್ದು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಏಳು ಇಪ್ಪತ್ತು. ನನ್ನ ಕೋಣೆಯ ಎರಡು ಸ್ಪೀಕರುಗಳಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ ಜೋರಾಗಿದೆ ಎಂದು ಮೊದಲ ಸಲ ಅನ್ನಿಸಿದ್ದು ಆಗ. ಕೆಳಗೆ ಅವ್ವ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು ಎಂಬುದನ್ನೂ ಬರೆದುಕೊಂಡಿದ್ದೇನೆ. ನನ್ನ ದಿನಚರಿಯಲ್ಲಿ ಇಂಥ ಕೆಲಸಕ್ಕೆ ಬಾರದ ವಿವರಗಳೇ ಹೆಚ್ಚು. ಕರೆಂಟು ಯಾವಾಗ ಹೋಯಿತು, ಪರಶುರಾಂಪುರದ ಬಸ್ಸು ಎಷ್ಟು ತಡವಾಯಿತು, ಮನೆ ಮುಂದೆ ಎಷ್ಟು ಕುರಿಮಂದೆ ಹಾದುಹೋದವು, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. "ಇವ್ನು ಹುಟ್ಟುವಾಗ್ಲೇ ಗಡಿಯಾರ ನೋಡ್ಕಂಡು ಹುಟ್ಟಿದ್ನಮ್ಮ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ.

ಹೋಮ್ ಸ್ಟುಡಿಯೋ ಅಂದಕೂಡಲೇ ನೀವು ಗಾಜಿನ ಕಿಟಕಿ, ಕೆಂಪು ದೀಪ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಚಳ್ಳಕೆರೆಯ ನಮ್ಮ ಮನೆಯ ಮಹಡಿ ಮೇಲೆ ಇರುವುದು ಒಂದೇ ಕೋಣೆ. ಅಪ್ಪ ಶೇಂಗಾ ಚೀಲ ಒಟ್ಟುವುದಕ್ಕೆಂದು ಕಟ್ಟಿಸಿದ್ದು. ಈಗ ಅಲ್ಲಿ ಒಂದು ಮೇಜು, ಕಂಪ್ಯೂಟರು, ಮೈಕು, ಮೇಜಿನ ಎರಡು ತುದಿಗೆ ಎರಡು ಸ್ಪೀಕರು. ನನ್ನ ಕೆಲಸ ಹೆಚ್ಚಾಗಿ ಆಟೋ ಮೇಲೆ ಕೂಗುವ ಪ್ರಚಾರದ್ದು. ಈರುಳ್ಳಿ ಬೀಜ ಬಂದಿದೆ, ಕುರಿಗಳಿಗೆ ಲಸಿಕೆ ಹಾಕಿಸಿ, ಮನೆ ಕಂದಾಯ ಕಟ್ಟಿ, ಹೀಗೆ. ಆಟೋ ಆಂಧ್ರದ ಗಡಿಯಲ್ಲಿರುವ ದೇವಸಮುದ್ರದ ಕಡೆ ಹೋಗುವುದಿದ್ದರೆ ಅದನ್ನೇ ತೆಲುಗಿನಲ್ಲೂ ಹೇಳಬೇಕು. ಆಟೋದ ತಲೆ ಮೇಲಿರುವುದು ಒಂದೇ ಹಾರ್ನು. ಒಂದೇ ಬಾಯಿ ಇದ್ದಲ್ಲಿ ಎಡಬಲದ ಜಗಳ ಹುಟ್ಟುವುದಿಲ್ಲ. ಆದ್ದರಿಂದ ನನ್ನ ಎರಡು ಸ್ಪೀಕರುಗಳು ಎಷ್ಟು ದಿನದಿಂದ ಹೀಗೆ ಒಂದಕ್ಕೊಂದು ಮುನಿಸಿಕೊಂಡಿದ್ದವೋ ಎಂಬ ಲೆಕ್ಕ ಮಾತ್ರ ನನ್ನ ಬಳಿ ಇಲ್ಲ.

ಆ ಕೋಣೆಯ ಮೇಲೆ ನನಗೆ ಚಿಕ್ಕಂದಿನಿಂದಲೂ ಒಂದು ಭಯಭಕ್ತಿ. ಶೇಂಗಾ ಸುಗ್ಗಿ ಮುಗಿದ ಮೇಲೆ ಚೀಲಗಳು ಸೂರಿನವರೆಗೆ ಏರಿರುತ್ತಿದ್ದವು. ನಡುವೆ ಒಬ್ಬ ಹುಡುಗ ನುಸುಳುವಷ್ಟು ಸಂದಿ. ಒಳಗೆ ಹೋಗಿ ಕೂತರೆ ಲಾರಿಯ ಹಾರ್ನು, ಎಣ್ಣೆ ಮಿಲ್ಲಿನ ಗರಗರ, ಅವ್ವ ಕೂಗುವುದು, ಎಲ್ಲವೂ ಯಾರೋ ಬಾಗಿಲು ಹಾಕಿದಂತೆ ನಿಂತುಬಿಡುತ್ತಿತ್ತು. ಒಂದು ದಿನ ಅಲ್ಲಿ ಕೂತು ನನ್ನ ಹೆಸರನ್ನು ನಾನೇ ಜೋರಾಗಿ ಹೇಳಿದೆ. ಹೆಸರು ತುಟಿ ದಾಟಿದ್ದೇ ತಡ, ಅಲ್ಲೇ ಬಿದ್ದುಹೋಯಿತು. ಚೀಲಗಳು ನನ್ನ ಹೆಸರು ತಿಂದುಬಿಟ್ಟವು ಎಂದು ಅಳುತ್ತಾ ಕೆಳಗೆ ಓಡಿಬಂದೆ.

"ಶೇಂಗಾನ ನೀನು ತಿನ್ಬೇಕು ಕಣೋ ಮಂಜ, ಅದು ನಿನ್ನ ತಿನ್ನಲ್ಲ" ಎಂದಳು ಅವ್ವ, ಮೂಗು ಒರೆಸುತ್ತಾ.

ಈಗ ಅಪ್ಪ ಶೇಂಗಾವನ್ನು ಹೊಲದಿಂದಲೇ ಮಾರಿಬಿಡುತ್ತಾರೆ. ಚೀಲಗಳು ಹೋದ ಮೇಲೆ ಕೋಣೆಗೆ ಬಾಯಿ ಬಂತು. ಒಂದು ಮಾತಾಡಿದರೆ ನಾಲ್ಕು ಗೋಡೆ ಎದುರುತ್ತರ ಕೊಡುತ್ತಿದ್ದವು. ಪಟ್ಟಣದವರು ಇದಕ್ಕೆ ಗೋಡೆ ತುಂಬ ಸ್ಪಂಜು ಅಂಟಿಸುತ್ತಾರಂತೆ. ಕಂಬಳಿ ಸಂತೆಯ ಊರಲ್ಲಿ ಹುಟ್ಟಿ ಸ್ಪಂಜು ಕೊಳ್ಳುವುದು ನನಗೆ ಅವಮಾನವೆನಿಸಿತು. ಎಡಗೋಡೆಗೆ ಅಜ್ಜನ ಕಾಲದ ಕರಿ ಕಂಬಳಿ ನೇತುಹಾಕಿದೆ. ಬಲಗೋಡೆಗೆ ಹೊಸದೊಂದು ತಂದೆ. ಆರಿಸಿಕೊಟ್ಟವನು ಗೆಳೆಯ ತಿಪ್ಪೇಶ. ದೊಡ್ಡಉಳ್ಳಾರ್ತಿಯವನು, ಮನೆಯಲ್ಲಿ ಕುರಿ ಇವೆ, ಕಂಬಳಿ ವಿಷಯದಲ್ಲಿ ಎದುರು ಮಾತು ಕೇಳುವವನಲ್ಲ. ನಾನೋ ಟೇಪು ಹಿಡಿದು ಎರಡೂ ಕಂಬಳಿಯ ಉದ್ದ ಅಳೆದೆ, ಅಗಲ ಅಳೆದೆ, ಮೊಳೆಗಳು ನೆಲದಿಂದ ಒಂದೇ ಎತ್ತರಕ್ಕೆ ಇವೆಯೇ ಎಂದು ನೋಡಿದೆ. ಹಳೆಯದು ಸೀರೆಯಂತೆ ಮಡಿಕೆ ಬಿದ್ದು ಜೋತಾಡಿತು. ಹೊಸದು ಹಲಗೆಯಂತೆ ನೆಟ್ಟಗೆ ನಿಂತಿತು. ನೆಟ್ಟಗೆ ನಿಂತದ್ದೇ ಚೆಂದ ಅನ್ನಿಸಿತು. ಈ ಸಾಲನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇದಕ್ಕೆಲ್ಲ ಮಗ್ಗದ ಸದ್ದು ಎಲ್ಲಿಂದ ಬಂತು ಎಂದು ಹೇಳಬೇಕು. ಜನವರಿ ಕೊನೆಗೆ ಒಂದು ಸೀರೆ ಅಂಗಡಿಯವರು ಜಾಹೀರಾತಿಗೆ ಮಗ್ಗದ ಸದ್ದು ಬೇಕು ಎಂದರು. "ಲಾಳಿ ಈ ಕಡೆಯಿಂದ ಆ ಕಡೆಗೆ ಹಾರಿಹೋದ ಹಾಗೆ ಕೇಳಿಸಬೇಕು ನೋಡ್ರಿ" ಎಂಬುದು ಅವರ ಷರತ್ತು. ಒಂದೇ ಬಾಯಿಯ ಕೆಲಸ ಮಾಡಿಕೊಂಡಿದ್ದವನಿಗೆ ಇದು ದೊಡ್ಡ ಬಡ್ತಿ. ಮೈಕು ಕಟ್ಟಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅದು ಅವ್ವನ ತವರು. ಮಾವ, ಅಂದರೆ ಅವ್ವನ ಅಣ್ಣ, ಇವತ್ತಿಗೂ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಾರೆ.

ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಇರುವ ಸೀರೆಗೆ ಒಬ್ಬರ ಕೈ ಸಾಲದು. ನೇಯುವವರ ಬಲಕ್ಕೆ ಇನ್ನೊಬ್ಬರು ಕೂತು, ಹಾರಿ ಬಂದ ಲಾಳಿಯನ್ನು ಹಿಡಿದು, ಅಂಚಿನ ನೂಲಿಗೆ ಅದರ ನೂಲನ್ನು ಕೊಂಡಿ ಹಾಕಿ ಹಿಂದಕ್ಕೆ ಎಸೆಯಬೇಕು. ಈಗ ಅಲ್ಲಿ ಅತ್ತೆ ಕೂರುತ್ತಾರೆ. ಮದುವೆಯಾಗಿ ಚಳ್ಳಕೆರೆಗೆ ಬರುವವರೆಗೆ ಅಲ್ಲಿ ಕೂರುತ್ತಿದ್ದವಳು ಅವ್ವ. ಬೇಸಿಗೆ ರಜೆಗೆ ಹೋದಾಗ ನಾನು ಮಾವನ ಬೆನ್ನ ಹಿಂದೆ ಚಾಪೆ ಮೇಲೆ ಮಲಗಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಲಾಳಿ ಎಡದಿಂದ ಸರ್ರನೆ ಹೊರಟಿತು, ಮುಖದ ಮೇಲೆ ಹಾದುಹೋಯಿತು, ಬಲದಲ್ಲಿ ಟಪ್ಪೆಂದಿತು, ಆಮೇಲೆ ನೂಲನ್ನು ಬಿಗಿಮಾಡುವ ಹಲಗೆ ಧಡ್ ಎಂದು ಬಡಿಯಿತು. ಕಾಣದ ಹಕ್ಕಿಯೊಂದು ಮನೆಯೊಳಗೆ ಹೋಗಿ ಬಂದು ಮಾಡುತ್ತಿದೆ ಎಂದೇ ನಂಬಿದ್ದೆ. ಎಷ್ಟು ಸಲ ಹಾರಿತು ಎಂದು ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ನನ್ನ ಎಣಿಕೆಯ ಚಟಕ್ಕೆ ಬಹುಶಃ ಆ ಲಾಳಿಯೇ ಕಾರಣ.

ಆ ದಿನ ಮೈಕು ಜೋಡಿಸುತ್ತಾ ಮಾವನ ಎಡಕ್ಕೆ ನಿಂತು ಏನೋ ಕೇಳಿದೆ. ಅವರು ತಿರುಗಲೇ ಇಲ್ಲ. ಅತ್ತೆ ಮೊಣಕೈಯಲ್ಲಿ ತಿವಿದರು.

"ಏಮ್ರಾ ಅಲ್ಲುಡು, ಈ ಕಡೆ ಬಾರೋ" ಎಂದರು ಮಾವ, ಅಳಿಯನನ್ನು ಅವರು ಕರೆಯುವುದು ತೆಲುಗಿನಲ್ಲೇ. "ಆ ಕಿವಿ ರಜಾ ಹಾಕಿ ಭಾಳ ದಿನ ಆತು. ಅರ್ಜಿನೂ ಕೊಟ್ಟಿಲ್ಲ, ಏನೂ ಇಲ್ಲ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ ಮಾವ?"

"ತೋರಿಸ್ದೆ. ನಿಮ್ಮಪ್ಪಂಗೂ ಹಿಂಗೇ ಇತ್ತಾ ಅಂದ್ರು, ಹೂಂ ಅಂದೆ. ಹಂಗಾದ್ರೆ ಮನೆತನದ್ದು ಅಂದ್ರು. ಆಸ್ತಿ ಅಂತ ಅಪ್ಪ ಬಿಟ್ಟೋಗಿದ್ದು ಇದೊಂದು, ಈ ಮಗ್ಗ ಒಂದು."

"ಮೊದ್ಲು ಹೆಂಗೆ ಗೊತ್ತಾತು?"

"ಮಗ್ಗದ ಸದ್ದು ಬಲಕ್ಕೆ ವಾಲ್ತು. ಮಗ್ಗ ಸೊಟ್ಟ ಆಗೈತೆ ಅಂದ್ಕಂಡು ಬಡಗಿನ ಕರೆಸ್ದೆ. ಪಾಪ, ಅವ್ನು ದಾರ ಹಿಡಿದು ಅಳೆದ. ಮಗ್ಗ ನೆಟ್ಟಗೈತೆ ಅಂದ. ಆವಾಗ ಗೊತ್ತಾತು, ಸೊಟ್ಟ ಆಗಿದ್ದು ನಾನು ಅಂತ."

ಮಾವ ನಕ್ಕರು, ಅತ್ತೆ ನಕ್ಕರು, ನಾನೂ ನಕ್ಕೆ. ಹೊರಡುವಾಗ ಮಾವ ಅವ್ವನ ಮಾತು ತೆಗೆದರು. "ನಿಮ್ಮವ್ವನ ಕೈ ಇತ್ತಲ್ಲ, ಅಂಥದ್ದು ನಾನು ಮತ್ತೆ ನೋಡ್ಲಿಲ್ಲ. ಅವ್ಳು ಆ ಕಡೆ ಈ ಕಡೆ ನೋಡ್ಕಂಡು ಮಾತಾಡ್ತಿರೋಳು. ಲಾಳಿ ಹೋಗೋದ್ರೊಳಗೆ ಅಂಗೈ ತೆರ್ಕಂಡಿರದು." ಅತ್ತೆ ಮುಖ ಊದಿಸಿಕೊಂಡರು. "ನಿಂದೂ ಚೆನ್ನಾಗೈತೆ ಬಿಡೇ" ಎಂದು ಮಾವ ತಿದ್ದಿಕೊಂಡರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಅದೆಲ್ಲ ಮರ್ತೋಗಿ ಯಾವ ಕಾಲ ಆತೋ. ಈಗ ಈ ಲಟ್ಟಣಿಗೆ ಬಿಟ್ರೆ ನನ್ನ ಕೈಗೆ ಬೇರೆ ಏನೂ ಬರಲ್ಲ."

ಈಗ ಫೆಬ್ರವರಿ ಹನ್ನೊಂದಕ್ಕೆ ವಾಪಸು ಬರೋಣ. ಏಳು ಇಪ್ಪತ್ತಕ್ಕೆ ನಾನು ಕೇಳುತ್ತಿದ್ದುದು ಮುದ್ರಿಸಿ ತಂದ ಅದೇ ಮಗ್ಗವನ್ನು. ಅದು ಬಲಕ್ಕೆ ವಾಲಿತ್ತು. ಲಾಳಿ ಎಡದಲ್ಲಿ ಮಬ್ಬಾಗಿ ಹುಟ್ಟಿ, ಮಧ್ಯವನ್ನು ಅವಸರದಲ್ಲಿ ದಾಟಿ, ಬಲಕ್ಕೆ ಹೋಗಿ ಅಲ್ಲೇ ಮನೆ ಮಾಡಿಕೊಳ್ಳುತ್ತಿತ್ತು. ಮಾವನ ಮಾತು ನೆನಪಾಯಿತು. ತಾಯಿಯ ಕಡೆಯ ಆಸ್ತಿಯಲ್ಲಿ ನನಗೂ ಪಾಲು ಬಂತೇ? ನನಗೆ ಬರುವ ವಿದ್ಯೆ ಇದೊಂದೇ. ಕಿವಿ ಹೋದರೆ ನಾನು ಏನು ಮಾಡಿಕೊಂಡಿರಲಿ?

ಭಯವಾದಾಗ ನಾನು ಪಟ್ಟಿ ಮಾಡುತ್ತೇನೆ. ಮೊದಲು ವೈರು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಚುಚ್ಚಿದೆ. ಸದ್ದು ಬಲಕ್ಕೇ ವಾಲಿತು. ಸ್ಪೀಕರುಗಳ ಬೆನ್ನಿಗಿರುವ ತಿರುಪುಗಳನ್ನು ನೋಡಿದೆ, ಎರಡೂ ಒಂದೇ ಗೆರೆಗೆ ಇದ್ದವು. ಕಂಪ್ಯೂಟರಿನಲ್ಲಿ ಎಡಬಲದ ಗುಂಡಿ ಸರಿಯಾಗಿ ನಡುವೆ ಇತ್ತು. ಕೊನೆಗೆ ಸ್ಪೀಕರುಗಳನ್ನೇ ಎತ್ತಿ ಜಾಗ ಬದಲಿಸಿದೆ. ಮೊದಲು ಬಲಕ್ಕಿದ್ದು ಜೋರಾಗಿದ್ದ ಸ್ಪೀಕರು ಎಡಕ್ಕೆ ಹೋದಮೇಲೆ ಸಾಧು ಆಯಿತು. ಎಡಕ್ಕಿದ್ದ ಸಾಧು ಬಲಕ್ಕೆ ಬಂದು ಕೂಗಾಡಿತು. ಅಂದರೆ ಸ್ಪೀಕರಿನ ತಪ್ಪಲ್ಲ, ವೈರಿನ ತಪ್ಪೂ ಅಲ್ಲ. ಪಟ್ಟಿಯಲ್ಲಿ ಉಳಿದದ್ದು ಎರಡೇ: ಗೋಡೆ ಮತ್ತು ಕಿವಿ. ಗೋಡೆಗೆ ಎರಡೂ ಕಡೆ ಕಂಬಳಿ ಇದೆ, ಅಳತೆ ಒಂದೇ ಇದೆ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ನಾನು ಪಟ್ಟಿಯಿಂದ ಗೋಡೆಯನ್ನು ಹೊಡೆದುಹಾಕಿದೆ. ಉಳಿದದ್ದು ಕಿವಿ.

ಬೇರೆಯವರನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. ಅವ್ವ ಮೆಟ್ಟಿಲ ಮೇಲೆ ನಿಂತೇ ಕೇಳಿಸಿಕೊಂಡು, "ಎಲ್ಡೂ ಮಾತಾಡ್ತಾವಲ್ಲ, ಸಾಕು ಬಿಡು" ಎಂದಳು. ತಿಪ್ಪೇಶನಿಗೆ ಫೋನಿನಲ್ಲಿ ಸಮಸ್ಯೆ ಹೇಳಿದರೆ, "ಲೇ, ಮೊದ್ಲು ನಿನ್ನ ಲಸಿಕೆ ಪ್ರಚಾರ ನಿಲ್ಸು. ಆಟೋ ಬಂದ್ರೆ ನಮ್ಮ ಕುರಿ ಓಡಿಹೋಗ್ತಾವೆ" ಎಂದ.

ನಿಜ ಹೇಳಬೇಕೆಂದರೆ ಒಂದು ಸುಲಭದ ಪರೀಕ್ಷೆ ಬಾಕಿ ಇತ್ತು. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತರೆ ಸಾಕು. ದೋಷ ಕೋಣೆಯದಾದರೆ ಜೋರು ಸದ್ದು ಅದೇ ಗೋಡೆಯ ಕಡೆ ಉಳಿಯುತ್ತದೆ. ದೋಷ ಕಿವಿಯದಾದರೆ ಜೋರು ನನ್ನ ಜೊತೆ ತಿರುಗಿ, ನನ್ನ ಬಲಗಿವಿಯ ಕಡೆಗೇ ಬರುತ್ತದೆ. ಅರ್ಧ ನಿಮಿಷದ ಕೆಲಸ. ನಾನು ಅದನ್ನು ಬರೆದುಕೊಂಡೆ, ಎದುರಿಗೆ ಒಂದು ಚೌಕ ಹಾಕಿದೆ, ಚೌಕವನ್ನು ಖಾಲಿ ಬಿಟ್ಟೆ. ಮಾರನೆಯ ದಿನವೂ ಖಾಲಿ. ಅದರ ಮಾರನೆಯ ದಿನ ವೈರುಗಳನ್ನು ಮತ್ತೊಮ್ಮೆ ಒರೆಸಿದೆ. ಅಂಗಡಿಯವರು ಫೋನು ಮಾಡಿದರೆ "ಸ್ವಲ್ಪ ಹದ ಆಗಬೇಕು ಸರ್" ಎನ್ನುತ್ತಿದ್ದೆ. ಕುರ್ಚಿಗೆ ಚಕ್ರ ಇದ್ದವು. ತಿರುಗಿಸುವುದಕ್ಕೆ ಒಂದು ಬೆರಳು ಸಾಕಿತ್ತು.

ಫೆಬ್ರವರಿ ಹದಿನೇಳು, ಮಧ್ಯಾಹ್ನ. ಮೆಟ್ಟಿಲ ಮೇಲೆ ಧಡಧಡ ಸದ್ದಾಗಿ ತಿಪ್ಪೇಶ ಒಳಗೆ ಬಂದ. ನಾನು ಅದೇ ಮಗ್ಗ ಕೇಳುತ್ತಾ ಕೂತಿದ್ದೆ.

"ಲೇ ಮಂಜ, ನಿನ್ನ ಗೋಡೆ ಬಿಚ್ಚಬೇಕಲ್ಲೋ" ಎಂದ.

ಅವನ ತಂಗಿಯ ಮದುವೆ ಶಾಸ್ತ್ರ ನಾಳೆ. ನಮ್ಮ ಕಡೆ ಶಾಸ್ತ್ರಕ್ಕೆ ಮೊದಲು ಕರಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹೊಯ್ದು ದೇವರಿಗೆ ಗದ್ದುಗೆ ಮಾಡುತ್ತಾರೆ. ಅವರ ಮನೆಯಲ್ಲಿ ಆ ಕಂಬಳಿ ನೀರು ಮುಟ್ಟದ್ದು, ಯಾರೂ ಹೊದೆಯದ್ದೇ ಆಗಬೇಕು. ತಂದಿಟ್ಟಿದ್ದ ಹೊಸ ಕಂಬಳಿಯನ್ನು ಬಂದ ನೆಂಟರೊಬ್ಬರು ರಾತ್ರಿ ಚಳಿಗೆ ಹೊದ್ದು ಮಲಗಿಬಿಟ್ಟಿದ್ದರಂತೆ.

"ಇದೂ ಗೋಡೆ ಮೇಲೆ ಇದ್ದದ್ದು, ನಡೀತೈತಾ?" ಎಂದೆ.

"ಗೋಡೆ ಹೊದ್ಕಂಡು ಮಲಗಿಲ್ಲಲ್ಲ, ನಡೀತೈತೆ" ಎಂದು ಅವನೇ ಪಂಚಾಯ್ತಿ ಮುಗಿಸಿ, ಮೊಳೆಗಳಿಂದ ಹೊಸ ಕಂಬಳಿ ಬಿಡಿಸಿ ಮಡಚತೊಡಗಿದ. ಅದು ಹಪ್ಪಳದಂತೆ ಮುರುಕು ಸದ್ದು ಮಾಡುತ್ತಾ ಮಡಿಯಿತು.

ಮಗ್ಗ ಇನ್ನೂ ಓಡುತ್ತಲೇ ಇತ್ತು. ಮತ್ತು ಅದು ಬದಲಾಗಿತ್ತು. ಬಲಗೋಡೆ ಬರಿದಾಗುತ್ತಲೇ ಸದ್ದು ಇನ್ನೂ ಬಲಕ್ಕೆ ವಾಲಿತು. ಲಾಳಿ ಗೋಡೆಗೇ ಹೋಗಿ ತಲೆ ಚಚ್ಚಿಕೊಂಡ ಹಾಗೆ. ಒಂದು ಕಂಬಳಿ ತೆಗೆದರೆ ಕಿವಿ ಕಿವುಡಾಗುವುದಿಲ್ಲವಲ್ಲ! ಹೊಡೆದುಹಾಕಿದ್ದ ಗೋಡೆ ಪಟ್ಟಿಯೊಳಗೆ ಎದ್ದು ನಿಂತಿತು. ಬೆರಳಿನಿಂದ ಮೇಜನ್ನು ತಳ್ಳಿದೆ. ಕುರ್ಚಿ ತಿರುಗಿತು. ಬಾಗಿಲಿಗೆ ಮುಖ, ಸ್ಪೀಕರುಗಳಿಗೆ ಬೆನ್ನು, ಕಣ್ಣು ಮುಚ್ಚಿದೆ.

ಮಗ್ಗ ನನ್ನ ಜೊತೆ ತಿರುಗಲಿಲ್ಲ. ಅದು ಆ ಬರಿಗೋಡೆಯ ಕಡೆಯೇ ಉಳಿದಿತ್ತು. ಈಗ ಆ ಗೋಡೆ ಇದ್ದದ್ದು ನನ್ನ ಎಡಕ್ಕೆ. ಲಾಳಿಯ ಟಪ್ಪು, ಹಲಗೆಯ ಧಡ್ಡು, ಅತ್ತೆಯ ಬಳೆಗಳ ಸಣ್ಣ ಕಿಣಿಕಿಣಿ ಕೂಡ, ಎಲ್ಲವೂ ಇಷ್ಟು ದಿನ ನಾನು ಸತ್ತಿತೆಂದು ಅಂದುಕೊಂಡಿದ್ದ ಎಡಗಿವಿಯೊಳಗೆ ತುಂಬಿ ಸುರಿಯುತ್ತಿದ್ದವು. ಮಳೆ ನೀರು ಕಾಣದ ಕೆರೆಗೆ ಒಮ್ಮೆಲೇ ನೀರು ನುಗ್ಗಿದ ಹಾಗೆ.

"ಯಾಕ್ಲೇ, ಅಳ್ತಿದೀಯ?" ಎಂದ ತಿಪ್ಪೇಶ. "ಕಂಬ್ಳಿ ನಾಡಿದ್ದು ವಾಪಸ್ ಕೊಡ್ತೀನಿ ಮಾರಾಯ."

ಗದ್ದಲ ಕೇಳಿ ಅವ್ವ ಮಂಡಿ ಹಿಡಿದುಕೊಂಡು ಮೇಲೆ ಬಂದಳು. ತಿಪ್ಪೇಶನ ಕೈಯಲ್ಲಿದ್ದ ಕಂಬಳಿಯನ್ನು ಬೆರಳಿನಿಂದ ಬಡಿದು ನೋಡಿದಳು. ಅದು ಡಬ್ ಎಂದಿತು. "ಇನ್ನೂ ಸರಿ ಐತಲ್ಲೋ ಇದ್ರಾಗೆ" ಎಂದಳು. ಕಂಬಳಿ ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ. ನಮ್ಮಲ್ಲಿ ಅದಕ್ಕೆ ಸರಿ ಎನ್ನುತ್ತಾರೆ. ಹೊದ್ದು, ಒದ್ದೆಯಾಗಿ, ಒಗೆದು ವರ್ಷಗಳು ಕಳೆದರೆ ಸರಿ ಹೋಗಿ ಉಣ್ಣೆ ಮಾತ್ರ ಉಳಿಯುತ್ತದೆ. ಇದು ಚಳ್ಳಕೆರೆಯ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಟೇಪಿನಲ್ಲಿ ಅದಕ್ಕೆ ಗೆರೆ ಇರಲಿಲ್ಲ. ಅಜ್ಜನ ಕಂಬಳಿ ಎಡಗಡೆಯ ಸದ್ದನ್ನು ಶೇಂಗಾ ಚೀಲದ ಹಾಗೆ ನುಂಗುತ್ತಿತ್ತು, ಹೊಸದು ಬಲಗಡೆಯದನ್ನು ಅರ್ಧ ಉಗುಳುತ್ತಿತ್ತು. ಒಂದೇ ಊರಿನ, ಒಂದೇ ಅಳತೆಯ ಎರಡು ಕಂಬಳಿಗಳ ನಡುವೆ ಕೂತು ನಾನು ಮನೆತನದ ಕಿವಿಯನ್ನು ದೂರುತ್ತಿದ್ದೆ.

ತಿಪ್ಪೇಶ ದೇವರ ಗದ್ದುಗೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಗದ್ದುಗೆಯಾದ ಕಂಬಳಿಯನ್ನು ಮತ್ತೆ ಮೊಳೆಗೆ ಹಾಕುವುದು ಬೇಡ ಎಂದು ಅವ್ವ ಟ್ರಂಕು ತೆಗೆಸಿದಳು. ಅಪ್ಪ ಹೊಲಕ್ಕೆ ಹೊದ್ದು ಹೋಗುತ್ತಿದ್ದ, ಅಂಚು ಸವೆದ ಕಂಬಳಿ ಸಿಕ್ಕಿತು. ಅದನ್ನು ಬಲಕ್ಕೆ ಹಾಕಿದೆ. ಅದೂ ಸೀರೆಯಂತೆ ಮಡಿಕೆ ಬಿದ್ದು ಜೋತಾಡಿತು.

ಮತ್ತೆ ಮಗ್ಗ ಹಾಕಿದೆ. ಇದನ್ನು ಹೇಗೆ ಹೇಳಲಿ? ಎಡಕ್ಕೊಂದು ಪೆಟ್ಟಿಗೆ, ಬಲಕ್ಕೊಂದು ಪೆಟ್ಟಿಗೆ. ನಡುವೆ ಇರುವುದು ಬರಿಗೋಡೆ, ಒಂದು ಕ್ಯಾಲೆಂಡರು. ಎರಡೂ ಸಮವಾದ ಆ ಕ್ಷಣಕ್ಕೆ ಪೆಟ್ಟಿಗೆಗಳು ಮಾಯವಾದವು. ಕ್ಯಾಲೆಂಡರಿನ ಮುಂದೆ, ಏನೂ ಇಲ್ಲದ ಜಾಗದಲ್ಲಿ, ಮಾವ ಕೂತು ಕೆಮ್ಮಿದರು. ಅವರ ಮುಂದೆ ಲಾಳಿ ಹಾರಿತು. ಕೈಯಿಟ್ಟರೆ ತಗಲುತ್ತದೆ ಅನ್ನುವಷ್ಟು ಹತ್ತಿರ. ಚಾಪೆ ಮೇಲೆ ಮಲಗಿದ್ದಾಗಿನ ಆ ಕಾಣದ ಹಕ್ಕಿ! ಇಷ್ಟು ವರ್ಷ ಸ್ಪೀಕರಿನ ಕೆಲಸ ಮಾಡಿದವನಿಗೆ, ಸದ್ದು ಯಾರೂ ಇಲ್ಲದ ಕಡೆ ಬಂದು ಹೀಗೆ ನಿಲ್ಲಬಲ್ಲದು ಎಂದು ಆವತ್ತು ಗೊತ್ತಾಯಿತು.

ಮಂಡಿ ನೋಯುತ್ತದೆಂದು ಅವ್ವ ಕುರ್ಚಿ ಕೇಳಿದಳು. ಎದ್ದು ಕೊಟ್ಟೆ. ಸರಿಯಾಗಿ ನಡುವೆ ಕೂತಳು, ಅಲ್ಲಿ ಅವಳು ಕೂತದ್ದು ಅದೇ ಮೊದಲು. "ನಿಮ್ಮ ಮಾವಂಗೆ ಕೆಮ್ಮು ಕಮ್ಮಿ ಆಗೇ ಇಲ್ಲ ನೋಡು" ಎಂದಳು. ಕಿಟಕಿಯಾಚೆ ಯಾರದೋ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ನೋಡುತ್ತಾ, ತಿಪ್ಪೇಶನ ತಂಗಿಗೆ ಏನು ಉಡುಗೊರೆ ಕೊಡುವುದು ಎಂದು ಮಾತಾಡತೊಡಗಿದಳು. "ಒಂದು ಸೀರೆ ಕೊಟ್ರೆ ಸಾಕಾಗ್ತೈತಾ, ಇಲ್ಲ..."

ಆಗ ನೋಡಿದೆ. ಮಡಿಲಲ್ಲಿದ್ದ ಅವಳ ಬಲಗೈ ಎದ್ದಿತ್ತು. ಲಾಳಿ ಎಡದಿಂದ ಹೊರಟಿತು. ಅದು ನಡುವನ್ನು ದಾಟುವುದರೊಳಗೆ ಅಂಗೈ ತೆರೆದುಕೊಂಡಿತು. ಟಪ್ ಎಂಬ ಸದ್ದಿಗೆ ಬೆರಳು ಮುಚ್ಚಿದವು, ಹೆಬ್ಬೆರಳು ಏನನ್ನೋ ಕೊಂಡಿ ಹಾಕಿತು, ಮಣಿಕಟ್ಟು ತಿರುಗಿ ಎಸೆಯಿತು. ಮತ್ತೆ ತೆರೆಯಿತು. ಒಂದು ಸಲವೂ ತಪ್ಪಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಸೀರೆಯ ಮಾತೇ ನಡೆದಿತ್ತು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ನನ್ನ ದಿನಚರಿಯಲ್ಲಿ ಆವತ್ತಿನ ಪುಟದಲ್ಲಿ ಗೆರೆಗಳಿಲ್ಲ.

ಸದ್ದು ಮುಗಿಯಿತು. ಕೈ ಗಾಳಿಯಲ್ಲಿ ತೆರೆದುಕೊಂಡೇ ಇತ್ತು, ಇನ್ನೊಂದಕ್ಕೆ ಕಾಯುತ್ತಾ. ಅವ್ವ ಮಾತು ನಿಲ್ಲಿಸಿ ಅದನ್ನು ನೋಡಿದಳು, ಬೇರೆ ಯಾರದ್ದೋ ಕೈ ಅನ್ನುವ ಹಾಗೆ.

"ಇದೇನೋ ಇದು?" ಎಂದಳು.

ಸಂಜೆ ಮಾವನಿಗೆ ಫೋನು ಮಾಡಿ, ನನ್ನ ಕಿವಿಯೂ ಹೋಯಿತೆಂದು ಹೆದರಿದ್ದೆ, ಕಿವಿಯಲ್ಲ ಕಂಬಳಿ ಎಂದು ಹೇಳಿದೆ. "ಒಳ್ಳೇದಾತು ಬಿಡಪ್ಪ" ಎಂದರು. "ನಾನೂ ಒಂದ್ಸಲ ಕಂಬ್ಳಿ ಬದ್ಲಾಯಿಸಿ ನೋಡ್ತೀನಿ." ಅವ್ವನ ಕೈಯ ವಿಷಯ ಹೇಳಿದ್ದಕ್ಕೆ ಮಾತ್ರ ನಗಲಿಲ್ಲ. "ನಾನು ಹೇಳಿದ್ನಲ್ಲ" ಎಂದರು.

ಮುಂದೆಂದಾದರೂ ಆ ಕಿವಿಯ ಆಸ್ತಿಯಲ್ಲಿ ನನಗೂ ಪಾಲು ಬರಬಹುದು, ಬರದೆಯೂ ಇರಬಹುದು. ಬಂದರೆ, ಎಡಬಲ ಸಮವಾಗಿದೆಯೇ ಎಂದು ತಿಳಿಯಲು ಅವ್ವನನ್ನು ಆ ಕುರ್ಚಿಯಲ್ಲಿ ಕೂರಿಸಿ, ಕಿವಿಯ ಬದಲು ಅವಳ ಅಂಗೈ ನೋಡುತ್ತೇನೆ. ಅಷ್ಟರೊಳಗೆ ನನಗೆ ಕೆಲವು ಸಂಗತಿ ತಿಳಿಯಬೇಕಾಗಿದೆ. ಹುಣಸೆ ಬೀಜದ ಸರಿ ಇರುವ ಉಣ್ಣೆ ಸದ್ದನ್ನು ಯಾಕೆ ಹಿಂದಕ್ಕೆ ಕೊಡುತ್ತದೆ, ಹಳೆಯ ಉಣ್ಣೆ ಅದನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಕಂಬಳಿ ಮಾಡುವವರು, ಮಗ್ಗದ ಬಲಕ್ಕೆ ಕೂತವರು, ಸದ್ದಿನ ಶಾಸ್ತ್ರ ಓದಿದವರು ಯಾರಾದರೂ ಬಲ್ಲಿರಾದರೆ ದಯವಿಟ್ಟು ಒಂದೆರಡು ಸಾಲು ಬರೆಯಿರಿ. ಅವ್ವ ಮರೆತದ್ದನ್ನು ಅವಳ ಕೈ ಯಾಕೆ ಮರೆಯಲಿಲ್ಲ ಎಂದು ಗೊತ್ತಿದ್ದವರು ಮೊದಲು ಬರೆಯಿರಿ. "ಇದೇನೋ ಇದು" ಎಂದು ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಹೇಳಿಲ್ಲ.